ಗೊಬ್ಬರ ಕೊಟ್ಟರೂ ಟೊಮೇಟೊ ಏಳುತ್ತಿಲ್ಲವೇ? ಚೀಲ ಬಿಚ್ಚುವ ಮೊದಲು ಬೇರು ನೋಡಿ

ನಾಟಿಯಾಗಿ 35–40 ದಿನ. ಡ್ರಿಪ್ಪಿನಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಹೋಗಿದೆ, ಮೇಲಿಂದ ಲಘು ಪೋಷಕಾಂಶದ ಸ್ಪ್ರೇಯೂ ಆಗಿದೆ. ಆದರೂ ತೋಟದ ಒಂದು ಮೂಲೆಯಲ್ಲಿ ಗಿಡ ಮೊಣಕಾಲು ದಾಟಿಲ್ಲ, ಎಲೆಗೆ ತಿಳಿಹಳದಿ ಬಣ್ಣ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಾಡಿ, ಸಂಜೆಗೆ ಮತ್ತೆ ಸರಿಹೋಗುತ್ತದೆ. ಅಂಗಡಿಯಲ್ಲಿ ಹೇಳಿದರೆ ಇನ್ನೊಂದು ಡಬ್ಬ, ಇನ್ನೊಂದು ಪೊಟ್ಟಣ ಕೈಗೆ ಬರುತ್ತದೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಇಂಥ ಲಕ್ಷಣ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಬೇರುಗಂಟು ಜಂತುಹುಳುವನ್ನು, ಅಂದರೆ ನೆಮಟೋಡನ್ನು. ಗಿಡ ಹಸಿದಿರುವುದು ನಿಜ. ಆದರೆ ಮಣ್ಣಿನಲ್ಲಿ ಗೊಬ್ಬರ ಇಲ್ಲದೆ ಹಸಿದದ್ದೇ, ಇದ್ದ ಗೊಬ್ಬರ ಎಳೆದುಕೊಳ್ಳಲಾಗದೆ ಹಸಿದದ್ದೇ ಎಂಬುದು ಗೊತ್ತಾಗದೆ ಮುಂದಿನ ಖರ್ಚು ಮಾಡಬಾರದು.

ಮಣ್ಣಿನೊಳಗೆ ಆಗುವುದೇನು

ಬೇರುಗಂಟು ಜಂತುಹುಳುವಿನ ಮರಿ ಅರ್ಧ ಮಿಲಿಮೀಟರ್ ಉದ್ದವೂ ಇಲ್ಲ, ಬರಿಗಣ್ಣಿಗೆ ಕಾಣದು. ಅದು ಬೇರಿನ ತುದಿಯ ಹಿಂದೆಯೇ ಇರುವ ಎಳೆಯ ಭಾಗದಿಂದ ಒಳನುಗ್ಗಿ, ನೀರು ಮತ್ತು ಆಹಾರ ಸಾಗುವ ನಾಳಗಳ ಪಕ್ಕದಲ್ಲಿ ನೆಲೆ ನಿಲ್ಲುತ್ತದೆ. ಅಲ್ಲಿನ ಕೆಲವು ಜೀವಕೋಶಗಳನ್ನು ಹಿಗ್ಗಿಸಿ ತನಗೆ ಬೇಕಾದ ಆಹಾರವನ್ನು ಅವುಗಳಿಂದಲೇ ಹೀರುತ್ತದೆ. ಸುತ್ತಲಿನ ಬೇರು ಊದಿ ಗಂಟಾಗುತ್ತದೆ. ಹೆಣ್ಣು ಹುಳು ಅಲ್ಲಿಂದ ಕದಲುವುದಿಲ್ಲ. ಅಂಟಿನಂಥ ಚೀಲದಲ್ಲಿ 200ರಿಂದ 500 ಮೊಟ್ಟೆ ಇಡುತ್ತದೆ. ಮಣ್ಣಿನ ಉಷ್ಣತೆ 25–30 ಡಿಗ್ರಿ ಇದ್ದರೆ ಒಂದು ಪೀಳಿಗೆ ಮುಗಿಯಲು 25–30 ದಿನ ಸಾಕು. ಹಾಗಾಗಿ ನಾಲ್ಕೈದು ತಿಂಗಳು ನಿಲ್ಲುವ ಟೊಮೇಟೊದಲ್ಲಿ ನಾಲ್ಕು ಪೀಳಿಗೆ ಬರಬಹುದು. ಮಲ್ಚಿಂಗ್ ಪೇಪರ್ ಕೆಳಗಿನ ತೇವ ಮತ್ತು ಬಿಸಿ ಟೊಮೇಟೊಗೆ ಎಷ್ಟು ಹಿತವೋ ಹುಳುವಿಗೂ ಅಷ್ಟೇ ಹಿತ.

ಪೋಷಕಾಂಶದ ಲೆಕ್ಕ ತಪ್ಪುವುದೂ ಇಲ್ಲೇ. ನಾಳ ತಿರುಚಿಕೊಂಡ ಬೇರು ನೀರನ್ನು ಪೂರ್ತಿ ಮೇಲೆತ್ತಲಾರದು, ನೀರಿನ ಜೊತೆ ಬರಬೇಕಾದ ಸಾರಜನಕವೂ ಪೊಟ್ಯಾಷೂ ಕಡಿಮೆಯಾಗುತ್ತವೆ. ಕ್ಯಾಲ್ಸಿಯಂ ಕತೆ ಇನ್ನೂ ಬಿಗಿ. ಅದು ಗಿಡದೊಳಕ್ಕೆ ಹೋಗುವುದೇ ಎಳೆಯ ಬೇರಿನ ತುದಿಯ ಮೂಲಕ, ಹುಳು ನುಗ್ಗುವುದೂ ಅದೇ ಜಾಗದಲ್ಲಿ. ಹಾಗಾಗಿ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಹುಳು ಬಿದ್ದ ಸಾಲಿನಲ್ಲಿ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು ಹೆಚ್ಚು. ಇನ್ನು ಹುಳು ಮಾಡಿದ ಗಾಯದಿಂದ ದುಂಡಾಣು ಸೊರಗು ರೋಗ ಬೇರಿಗೆ ಸಲೀಸಾಗಿ ಹತ್ತುತ್ತದೆ. ಸಂಜೆಯಾದರೂ ಚೇತರಿಸಿಕೊಳ್ಳದೆ ಹಸಿರಾಗಿರುವಾಗಲೇ ಗಿಡ ಬಿದ್ದುಹೋದರೆ ವಿಷಯ ಜಂತುಹುಳುವನ್ನು ದಾಟಿದೆ ಎಂದೇ ಅರ್ಥ. ಅಂಥ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು.

ಎಲೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ನಿಜವಾದ ಕೊರತೆಗೆ ಒಂದು ಕ್ರಮವಿದೆ. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಪೊಟ್ಯಾಷ್ ಕೊರತೆಯಲ್ಲಿ ಹಳೆಯ ಎಲೆಯ ಅಂಚು ಸುಟ್ಟಂತಾಗುತ್ತದೆ. ಮೆಗ್ನೀಸಿಯಂ ಕೊರತೆಯಲ್ಲಿ ಹಳೆಯ ಎಲೆಯ ನರ ಹಸಿರಾಗಿಯೇ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಕಬ್ಬಿಣದ ಕೊರತೆಯಲ್ಲಿ ಇದೇ ಚಿತ್ರ ತುದಿಯ ಎಳೆಯ ಎಲೆಗಳಲ್ಲಿ ಕಾಣುತ್ತದೆ. ಜಂತುಹುಳು ಬಿದ್ದ ಗಿಡದಲ್ಲಿ ಇವೆಲ್ಲ ಕಲಸಿಕೊಂಡಿರುತ್ತವೆ, ಯಾವ ಪುಸ್ತಕದ ಚಿತ್ರಕ್ಕೂ ಸರಿಯಾಗಿ ಹೊಂದುವುದಿಲ್ಲ.

ಎಲೆಗಿಂತ ಹೆಚ್ಚು ನಂಬಬಹುದಾದದ್ದು ತೋಟದ ನಕ್ಷೆ. ಗೊಬ್ಬರ ಕಡಿಮೆಯಾದರೆ ತಾಕಿನ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ ಕಾಣುತ್ತದೆ. ಜಂತುಹುಳು ತೇಪೆ ತೇಪೆಯಾಗಿ ಬರುತ್ತದೆ, ಟ್ರ್ಯಾಕ್ಟರ್ ಓಡಿದ ದಿಕ್ಕಿಗೆ ಅಥವಾ ಮಳೆನೀರು ಹರಿದ ದಿಕ್ಕಿಗೆ ಚಾಚಿಕೊಂಡಿರುತ್ತದೆ. ಬದಿನ ಮೇಲೆ ನಿಂತು ನೋಡಿದರೆ ಆರೋಗ್ಯದ ಗಿಡಗಳ ನಡುವೆ ಕುಳ್ಳು ಗಿಡಗಳ ಗುಂಪು ಕಾಣುತ್ತದೆ. ಡ್ರಿಪ್ ಕಟ್ಟಿಕೊಂಡರೂ ಗಿಡ ಹೀಗೇ ಸೊರಗುವುದುಂಟು. ಆಗ ತೊಂದರೆ ಒಂದೇ ಸಾಲಿನಲ್ಲಿ, ಅದರಲ್ಲೂ ಡ್ರಿಪ್ಪಿನ ಸಾಲು ಪೈಪಾದ ಲ್ಯಾಟರಲ್‌ನ ಕೊನೆಯಲ್ಲಿ ಇರುತ್ತದೆ. ಪೇಪರ್ ಎತ್ತಿ ಮಣ್ಣು ಮುಟ್ಟಿ ನೋಡಿ. ಮಣ್ಣು ತೇವವಾಗಿದ್ದೂ ಗಿಡ ಬಾಡಿದ್ದರೆ ಬೇರಿನ ಕಡೆ ಹೋಗಿ.

ಬೇರು ಕಿತ್ತು ನೋಡುವ ರೀತಿ

ಗಿಡವನ್ನು ಹಿಡಿದು ಎಳೆಯಬೇಡಿ. ಎಳೆದರೆ ಗಂಟು ಇರುವ ಸಣ್ಣ ಬೇರುಗಳು ಮಣ್ಣಿನಲ್ಲೇ ಉಳಿದು, ಬರಿ ತಾಯಿಬೇರು ಕೈಗೆ ಬರುತ್ತದೆ, ‘ನಮ್ಮಲ್ಲಿ ಏನೂ ಇಲ್ಲ’ ಎಂದುಕೊಳ್ಳುತ್ತೀರಿ. ಗಿಡದಿಂದ ಒಂದು ಗೇಣು ದೂರ ಸನಿಕೆ ಇಳಿಸಿ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ 10–15 ನಿಮಿಷ ನೆನೆಸಿ, ಅಲ್ಲಾಡಿಸಿ ಮಣ್ಣು ಬಿಡಿಸಿ. ಪೂರ್ತಿ ಸತ್ತ ಗಿಡ ಇದಕ್ಕೆ ಬೇಡ, ಅದರ ಬೇರು ಕೊಳೆತಿರುತ್ತದೆ, ಹುಳುವೂ ಜಾಗ ಬಿಟ್ಟಿರುತ್ತದೆ. ತೇಪೆಯ ಅಂಚಿನಲ್ಲಿ ಅರೆಬರೆ ಸೊರಗಿದ ಗಿಡಗಳನ್ನು ಆರಿಸಿ. ಒಂದು ತಾಕಿಗೆ ಹತ್ತು ಗಿಡವಾದರೂ ನೋಡಿ.

ಹೊಸ ಸೋಂಕಿನಲ್ಲಿ ಸಣ್ಣ ಬೇರಿನ ಮೇಲೆ ಸಾಸಿವೆ ಗಾತ್ರದ ಊತಗಳು ಬಿಡಿಬಿಡಿಯಾಗಿ ಇರುತ್ತವೆ. ಹಳೆಯದಾದಾಗ ಅವು ಒಂದಕ್ಕೊಂದು ಕೂಡಿ ಬೇರು ಹಸಿ ಶುಂಠಿಯ ಕೊಂಬಿನಂತೆ ದಪ್ಪವಾಗುತ್ತದೆ. ಹತ್ತರಷ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಗಂಟಿನ ಮೇಲೆ ಗುಂಡುಸೂಜಿ ತಲೆಯಷ್ಟು ಕಂದು ಬಣ್ಣದ ಅಂಟುಮುದ್ದೆಯೂ ಕಾಣುತ್ತದೆ, ಅದೇ ಮೊಟ್ಟೆಯ ಚೀಲ.

ಗಂಟು ಎಣಿಸಿ ಅಂಕ ಕೊಡಿ. ಒಂದೂ ಇಲ್ಲದಿದ್ದರೆ 0. ಒಂದೆರಡು ಇದ್ದರೆ 1. 3ರಿಂದ 10 ಇದ್ದರೆ 2. 11ರಿಂದ 30ಕ್ಕೆ 3. 31ರಿಂದ 100ಕ್ಕೆ 4. ನೂರು ದಾಟಿದರೆ 5. ಹತ್ತು ಗಿಡದ ಸರಾಸರಿ ತೆಗೆದು ತಾಕಿನ ಹೆಸರಿನ ಜೊತೆ ಬರೆದಿಡಿ. ಮುಂದೆ ಗೊಬ್ಬರ ಹೆಚ್ಚಿಸಬೇಕೇ, ಬೆಳೆ ಬದಲಿಸಬೇಕೇ ಎಂಬುದಕ್ಕೆ ಈ ಸಂಖ್ಯೆಯೇ ಆಧಾರ.

ಅವರೆ, ಅಲಸಂದೆ, ಸೋಯಾ, ಶೇಂಗಾ ಹಾಕಿದವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ದ್ವಿದಳ ಬೆಳೆಯ ಬೇರಿನಲ್ಲಿ ಸಾರಜನಕ ಹಿಡಿಯುವ ರೈಜೋಬಿಯಂ ಗಂಟುಗಳೂ ಇರುತ್ತವೆ. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಹೆಬ್ಬೆರಳಿನಿಂದ ತಿಕ್ಕಿದರೆ ಉದುರುತ್ತವೆ, ಸೀಳಿದರೆ ಒಳಗೆ ಗುಲಾಬಿ ಬಣ್ಣ. ಜಂತುಹುಳುವಿನ ಗಂಟು ಅಂದರೆ ಬೇರೇ ಊದಿದ್ದು. ಅದನ್ನು ಕೀಳಲು ಹೋದರೆ ಬೇರು ತುಂಡಾಗುತ್ತದೆ, ಒಳಗೆ ಬಿಳಿ. ಸೋಯಾ, ಅವರೆಗಳಲ್ಲಿ ಹುಳು ಹೆಚ್ಚಾದಷ್ಟೂ ಒಳ್ಳೆಯ ಗಂಟು ಕಡಿಮೆಯಾಗುತ್ತದೆ, ಗಿಡ ಸಾರಜನಕ ಇಲ್ಲದೆ ಹಳದಿಯಾಗುತ್ತದೆ. ಅಲ್ಲಿ ಯೂರಿಯಾ ಸುರಿದರೆ ಎಲೆ ಸ್ವಲ್ಪ ದಿನ ಹಸಿರಾದೀತು, ಆದರೆ ಉಳಿದ ರೈಜೋಬಿಯಂ ಗಂಟೂ ಕೆಲಸ ನಿಲ್ಲಿಸುತ್ತದೆ.

ಒಂದೇ ಹೊಲ, ಎರಡು ಮಣ್ಣಿನ ಮಾದರಿ

ಪೋಷಕಾಂಶದ ಪರೀಕ್ಷೆಗೂ ಜಂತುಹುಳು ಪರೀಕ್ಷೆಗೂ ಒಂದೇ ಪೊಟ್ಟಣ ಕಳಿಸುವವರು ಬಹಳ. ಅದರಿಂದ ಎರಡರಲ್ಲಿ ಒಂದು ಹಾಳು. ಪೋಷಕಾಂಶಕ್ಕೆ ಅರ್ಧ ಕೆಜಿ ಮಣ್ಣನ್ನು ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕೊಡಬೇಕು. ಜಂತುಹುಳುವಿಗೆ ಮಣ್ಣು ಒಣಗಿಸಲೇಬಾರದು, ಒಣಗಿದರೆ ಹುಳು ಸತ್ತು ‘ಶೂನ್ಯ’ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ತಾಕಿನಲ್ಲಿ ಅಡ್ಡಾದಿಡ್ಡಿ ನಡೆದು 15–20 ಕಡೆ, ಗಿಡದ ಬುಡದ ಹತ್ತಿರ, ಮೇಲಿನ ಒಣ ಪದರ ತೆಗೆದು 15–20 ಸೆಂ.ಮೀ. ಆಳದವರೆಗೆ ಮಣ್ಣು ತೆಗೆಯಿರಿ. ಎಲ್ಲ ಬೆರೆಸಿ ಕಾಲು ಕೆಜಿ ಮಣ್ಣು, ಜೊತೆಗೆ 5–10 ಗ್ರಾಂ ಸಣ್ಣ ಬೇರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಚೀಟಿಯನ್ನು ಹೊರಗೆ ಕಟ್ಟಿ, ಒಳಗಿಟ್ಟರೆ ತೇವಕ್ಕೆ ಅಳಿಸಿಹೋಗುತ್ತದೆ. ಬೈಕಿನ ಡಿಕ್ಕಿಯಲ್ಲಿ, ಬಿಸಿಲಲ್ಲಿ ಇಡಬೇಡಿ. ಅವತ್ತೇ ಅಥವಾ ಮರುದಿನ ತಲುಪಿಸಿ.

ಕೋಲಾರದವರಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ತಾಲ್ಲೂಕಿನ ಕುರುಬೂರಿನ ಕೇಂದ್ರ, ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ಕೊನೇಹಳ್ಳಿಯ ಕೇಂದ್ರಗಳು ದಾರಿ ತೋರಿಸುತ್ತವೆ. ಹುಳು ಎಣಿಸುವ ಕೆಲಸ ಎಲ್ಲ ಕಡೆ ನಡೆಯುವುದಿಲ್ಲ, ಮೊದಲು ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು. ಗ್ರಾಂ ಮಣ್ಣಿಗೆ ಒಂದು ಮರಿ ಸಿಕ್ಕರೂ ಟೊಮೇಟೊ ಮಟ್ಟಿಗೆ ಅದು ಸಣ್ಣ ಸಂಖ್ಯೆಯಲ್ಲ.

ಹಿತ್ತಲಲ್ಲೇ ಮಾಡಬಹುದಾದ ಕುಂಡದ ಪರೀಕ್ಷೆ

ನಾಟಿಗೆ ಎರಡು ತಿಂಗಳಿರುವಾಗ ಇದನ್ನು ಮಾಡಿದರೆ ಪೋಷಣೆ ಯಾವುದು, ಹುಳು ಯಾವುದು ಎಂದು ಬೇರೆಬೇರೆಯಾಗಿ ಕಾಣುತ್ತದೆ. ಅನುಮಾನದ ತಾಕಿನ ಐದಾರು ಕಡೆಯಿಂದ ಮಣ್ಣು ತಂದು ಬೆರೆಸಿ ಎರಡು ರಾಶಿ ಮಾಡಿ. ಒಂದು ರಾಶಿಯನ್ನು ತೇವ ಮಾಡಿ, ಅಡುಗೆಗೆ ಬಳಸದ ಹಳೆಯ ಡ್ರಮ್ಮಿನಲ್ಲಿ ನೀರಿನ ಮೇಲೆ ಜಾಲರಿ ಇಟ್ಟು ಗೋಣಿಚೀಲದಲ್ಲಿ ಹಬೆಯಾಡಿಸಿ. ರಾಶಿಯ ನಡುಮಧ್ಯದ ಮಣ್ಣು 60 ಡಿಗ್ರಿ ಮುಟ್ಟಿ ಅರ್ಧ ಗಂಟೆ ಹಾಗೇ ಇರಬೇಕು, ಹೊರಗಿನ ಮಣ್ಣು ಬಿಸಿಯಾದರೆ ಸಾಲದು. ಅದನ್ನು ವಾರ ಆರಲು ಬಿಡಿ. ಇನ್ನೊಂದು ರಾಶಿ ಇದ್ದ ಹಾಗೇ ಇರಲಿ, ಆದರೆ ಒಣಗದಂತೆ ನೆರಳಲ್ಲಿ ಮುಚ್ಚಿಡಿ.

ಈಗ ನಾಲ್ಕು ಗುಂಪು: ಹಸಿಮಣ್ಣು (ಹಬೆಯಾಡಿಸದ ಮಣ್ಣು) ಗೊಬ್ಬರವಿಲ್ಲದೆ, ಹಸಿಮಣ್ಣು ಗೊಬ್ಬರದೊಂದಿಗೆ, ಹಬೆಮಣ್ಣು ಗೊಬ್ಬರವಿಲ್ಲದೆ, ಹಬೆಮಣ್ಣು ಗೊಬ್ಬರದೊಂದಿಗೆ. ಗುಂಪಿಗೆ ನಾಲ್ಕು ಗ್ರೋಬ್ಯಾಗ್ ಇರಲಿ, ಒಂದೊಂದೇ ಆದರೆ ಏನೂ ತಿಳಿಯದು. ಕೋಕೋಪೀಟ್ ಟ್ರೇಯಲ್ಲಿ ಬೆಳೆದ ಒಂದೇ ವಯಸ್ಸಿನ ಸಸಿ ನಾಟಿ ಮಾಡಿ. ಗೊಬ್ಬರದ ಗುಂಪಿಗೆ ವಾರಕ್ಕೊಮ್ಮೆ ಲೀಟರ್ ನೀರಿಗೆ 2 ಗ್ರಾಂ 19:19:19 ಕರಗಿಸಿ ಚೀಲಕ್ಕೆ 200 ಮಿ.ಲೀ. ಹಾಕಿ, ಉಳಿದವಕ್ಕೆ ಅಷ್ಟೇ ಬರಿ ನೀರು. ಹಸಿಮಣ್ಣಿನ ಚೀಲದಿಂದ ಸೋರಿದ ನೀರು ಹಬೆಮಣ್ಣಿನ ಚೀಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಇಡಿ.

35 ದಿನಕ್ಕೆ ಬೇರು ತೊಳೆದು ನೋಡಿ. ಹಸಿಮಣ್ಣಿನಲ್ಲಿ ಗೊಬ್ಬರ ಕೊಟ್ಟದ್ದೂ ಕೊಡದ್ದೂ ಎರಡೂ ಕುಳ್ಳಾಗಿ, ಬೇರು ತುಂಬ ಗಂಟಿದ್ದರೆ ಆ ಹೊಲದಲ್ಲಿ ಗೊಬ್ಬರ ಹೆಚ್ಚಿಸುವುದು ದುಡ್ಡು ಮಣ್ಣಿಗೆ ಹಾಕಿದಂತೆಯೇ. ಎರಡೂ ಮಣ್ಣಿನಲ್ಲಿ ಗೊಬ್ಬರ ಕೊಟ್ಟವು ಮಾತ್ರ ಎದ್ದು ಬೇರು ಸ್ವಚ್ಛವಿದ್ದರೆ ಅದು ಶುದ್ಧ ಪೋಷಕಾಂಶದ ಕೊರತೆ. ಒಂದು ಮೋಸ ಇದರಲ್ಲಿದೆ: ಮಣ್ಣು ಬಿಸಿ ಮಾಡಿದಾಗ ಅದರೊಳಗಿನ ಸಾರಜನಕ ಸ್ವಲ್ಪ ಬಿಡುಗಡೆಯಾಗಿ ಗೊಬ್ಬರವಿಲ್ಲದ ಹಬೆಮಣ್ಣಿನ ಗಿಡವೂ ಹಸಿರಾಗಿ ಕಾಣುತ್ತದೆ. ಹಾಗಾಗಿ ಎತ್ತರ, ಬಣ್ಣಗಳನ್ನಷ್ಟೇ ನೋಡಿ ತೀರ್ಮಾನಿಸಬೇಡಿ, ಗಂಟಿನ ಅಂಕವೇ ಮುಖ್ಯ.

ನಿಂತ ಬೆಳೆಯಲ್ಲಿ ಎಷ್ಟು ಉಳಿಸಿಕೊಳ್ಳಬಹುದು

ಹೂ ಬರುವ ಮೊದಲೇ ಸರಾಸರಿ 4–5 ಇದ್ದರೆ ಆ ತೇಪೆಯನ್ನು ಕಿತ್ತು ಹಾಕುವುದೇ ಲಾಭ. ಕಾಯಿ ಕಟ್ಟಿದ ಮೇಲೆ ಗೊತ್ತಾದರೆ, ಅಥವಾ ಅಂಕ 3ರ ಒಳಗಿದ್ದರೆ, ಬೆಳೆಯನ್ನು ದಡ ಸೇರಿಸಬಹುದು.

ಮೊದಲ ಕೆಲಸ ಗೊಬ್ಬರದ ಕಂತು ಬದಲಿಸುವುದು. ಹೈಬ್ರಿಡ್ ಟೊಮೇಟೊಗೆ ಹೆಕ್ಟೇರಿಗೆ 250:250:250 ಕೆಜಿ ಸಾರಜನಕ, ರಂಜಕ, ಪೊಟ್ಯಾಷ್ ನಮ್ಮಲ್ಲಿ ರೂಢಿಯ ಶಿಫಾರಸು, ಅಂದರೆ ಎಕರೆಗೆ ತಲಾ 100 ಕೆಜಿ. ಈ ಒಟ್ಟು ಪ್ರಮಾಣ ಹೆಚ್ಚಿಸುವುದು ಬೇಡ, ಮಣ್ಣು ಪರೀಕ್ಷೆ ಹೇಳಿದರೆ ಕಡಿಮೆಯೂ ಆಗಬಹುದು. ವಾರಕ್ಕೊಮ್ಮೆ 5 ಕೆಜಿ ಬಿಡುತ್ತಿದ್ದ ಜಾಗದಲ್ಲಿ ವಾರಕ್ಕೆ ಎರಡು ಸಲ ಎರಡೂವರೆ ಕೆಜಿ ಬಿಡಿ. ಗಂಟುಬಿದ್ದ ಬೇರು ಒಮ್ಮೆಗೆ ಎಳೆಯುವುದು ಕಡಿಮೆ. ಒಟ್ಟಿಗೆ ಬಿಟ್ಟರೆ ಉಪ್ಪು ಡ್ರಿಪ್ಪರ್ ಸುತ್ತ ನಿಂತು, ಉಳಿದ ಒಳ್ಳೆಯ ಬೇರೂ ಸುಡುತ್ತದೆ. ನೀರೂ ಹಾಗೆಯೇ, ದಿನಕ್ಕೆ ಒಂದೇ ಸಲ ಒಂದು ಗಂಟೆ ಬಿಡುವ ಬದಲು ಬೆಳಿಗ್ಗೆ ಅರ್ಧ, ಮಧ್ಯಾಹ್ನದ ಬಿಸಿಲಿಗೆ ಮೊದಲು ಅರ್ಧ.

ಯೂರಿಯಾ ಕೈ ಬಿಗಿ ಹಿಡಿಯಿರಿ. ಅಮೋನಿಯಾ ಹುಳುವಿಗೆ ವಿಷವೆಂಬುದು ನಿಜವೇ, ಆದರೆ ಹುಳು ಸಾಯುವಷ್ಟು ಯೂರಿಯಾ ಹಾಕಿದರೆ ಬೆಳೆಯೂ ಉಳಿಯದು. ಪೊಟ್ಯಾಷ್ ಸರಿಯಾಗಿ ಸಿಕ್ಕ ಗಿಡ ಹುಳುವಿನ ಹೊರೆಯನ್ನು ಹೆಚ್ಚು ತಡೆದುಕೊಳ್ಳುತ್ತದೆ. ಹಾಗೆಂದು ಹೂ ಬಂದ ಮೇಲೆ 13:0:45, 0:0:50 ಎರಡನ್ನೂ ಬೆನ್ನು ಬೆನ್ನಿಗೆ ಸುರಿದರೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಎರಡೂ ಬೇರಿಗೆ ಸಿಗದೆ ತುದಿ ಕೊಳೆ ಇನ್ನೂ ಹೆಚ್ಚುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ಎಕರೆಗೆ 3–5 ಕೆಜಿಯಂತೆ ವಾರಕ್ಕೊಮ್ಮೆ ಪ್ರತ್ಯೇಕ ದಿನ ಬಿಡಿ. 12:61:0 ಅಥವಾ ಯಾವುದೇ ಸಲ್ಫೇಟ್ ಜೊತೆ ಒಂದೇ ಟ್ಯಾಂಕಿನಲ್ಲಿ ಬೆರೆಸಿದರೆ ಬಿಳಿ ಗಸಿ ಕಟ್ಟಿ ಡ್ರಿಪ್ಪರ್ ಮುಚ್ಚುತ್ತದೆ.

ಬೇರು ಸೋತಾಗ ಎಲೆಯ ದಾರಿ ಸ್ವಲ್ಪ ದಿನ ಕೈ ಹಿಡಿಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವೆಜಿಟೇಬಲ್ ಸ್ಪೆಷಲ್ ಎಂಬ ಸೂಕ್ಷ್ಮ ಪೋಷಕಾಂಶದ ಮಿಶ್ರಣವನ್ನು ಲೀಟರಿಗೆ 5 ಗ್ರಾಂ, 15 ಲೀಟರ್ ಟ್ಯಾಂಕಿಗೆ ಎರಡು ನಿಂಬೆಹಣ್ಣಿನ ರಸ ಮತ್ತು ಒಂದು ಶಾಂಪೂ ಪೊಟ್ಟಣ ಸೇರಿಸಿ ಹೊಡೆಯಬಹುದು. ಗಡಸು ಬೋರ್‌ವೆಲ್ ನೀರಾದರೆ ನಿಂಬೆರಸ ಹಾಕುವುದನ್ನು ತಪ್ಪಿಸಬೇಡಿ. ತುದಿ ಕೊಳೆಗೆ ಕ್ಯಾಲ್ಸಿಯಂ ಕ್ಲೋರೈಡ್ ಲೀಟರಿಗೆ 5 ಗ್ರಾಂ, ಸಂಜೆ ಹೊತ್ತು. ಎಲೆಯ ಮೇಲೆ ಬಿದ್ದ ಕ್ಯಾಲ್ಸಿಯಂ ಕಾಯಿಗೆ ಇಳಿಯುವುದಿಲ್ಲ, ಆದ್ದರಿಂದ ನಾಜಲ್ ಗೋಲಿ ಗಾತ್ರದ ಎಳೆಗಾಯಿಗಳ ಕಡೆಗೇ ಇರಲಿ.

ಮುಂದಿನ ನಾಟಿಗೆ ಮೊದಲು

ನಿಜವಾದ ಕೆಲಸ ಇಲ್ಲಿದೆ. ಕೊನೆಯ ಕೊಯ್ಲು ಮುಗಿದ ವಾರದಲ್ಲೇ ಗಿಡವನ್ನು ಬೇರು ಸಮೇತ ಕಿತ್ತು, ಒಣಗಿಸಿ ಸುಡಿ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹುಳುವನ್ನೂ ವಾಪಸ್ಸು ಹೊಲಕ್ಕೆ ಹೊತ್ತಂತೆ. ನಮ್ಮ ಕಡೆ ಟೊಮೇಟೊ ಬುಡ ಕೊಯ್ದು, ಅದೇ ಪೇಪರು, ಅದೇ ಕಡ್ಡಿ, ಅದೇ ಡ್ರಿಪ್ಪಿನ ಮೇಲೆ ಸೌತೆ, ಹೀರೆ, ಬೀನ್ಸ್ ಹಾಕುವ ವಾಡಿಕೆಯಿದೆ. ಖರ್ಚು ಉಳಿಯುತ್ತದೆ, ಒಪ್ಪಬೇಕಾದ್ದೇ. ಆದರೆ ಮೂರಕ್ಕೂ ಇದೇ ಹುಳು ಬೀಳುತ್ತದೆ, ಕೊಳೆಯುತ್ತಿರುವ ಹಳೆಯ ಬೇರಿನಿಂದ ನೇರವಾಗಿ ಹೊಸ ಬೇರಿಗೆ ದಾಟುತ್ತದೆ. ಅಂಕ 2 ದಾಟಿದ ತಾಕಿನಲ್ಲಿ ಇದನ್ನು ಮಾಡಲೇಬೇಡಿ. ಹಿಪ್ಪುನೇರಳೆ ಕಿತ್ತ ಜಾಗಕ್ಕೆ ಟೊಮೇಟೊ ಹಾಕುವ ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಇನ್ನೂ ಹುಷಾರಾಗಿರಬೇಕು. ಹಿಪ್ಪುನೇರಳೆಯೂ ಬೇರುಗಂಟಿಗೆ ದೊಡ್ಡ ಆಶ್ರಯ.

ಬದಲಿ ಬೆಳೆಯಾಗಿ ಚೆಂಡುಹೂ ಒಳ್ಳೆಯದು, ಅದರ ಬೇರಿನ ರಾಸಾಯನಿಕಕ್ಕೆ ಹುಳು ತಡೆಯದು. ಬದಿನಲ್ಲಿ ಒಂದು ಸಾಲು ಹಾಕಿದರೆ ಕಾಯಿಕೊರಕಕ್ಕೆ ಆಕರ್ಷಕ ಬೆಳೆಯಾದೀತೇ ಹೊರತು ಮಣ್ಣು ಸ್ವಚ್ಛವಾಗದು. ಏರುಮಡಿಯ ಉದ್ದಕ್ಕೂ ಒತ್ತಾಗಿ ಎರಡು ಮೂರು ತಿಂಗಳು ನಿಲ್ಲಬೇಕು, ಹೂವಿನ ದುಡ್ಡೂ ಬರುತ್ತದೆ. ಮಾರ್ಚಿಯಿಂದ ಮೇ ಒಳಗೆ 10–15 ದಿನದ ಅಂತರದಲ್ಲಿ ಎರಡು ಮೂರು ಮಾಗಿ ಉಳುಮೆ ಮಾಡಿದರೆ ಮೇಲಿನ ಹುಳು ಒಣಗಿ ಸಾಯುತ್ತದೆ. ಬಾಡಿಗೆ ರೋಟವೇಟರ್ ಬಂದರೆ ಬ್ಲೇಡಿನ ಮಣ್ಣು ತೊಳೆಸಿಯೇ ಹೊಲಕ್ಕೆ ಇಳಿಸಿ.

ಸಸಿಮಡಿಗೆ ಬಿಸಿಲಿನ ಉಪಚಾರ ಮಾಡುವುದಾದರೆ ಹಾಳೆ ಪಾರದರ್ಶಕವಾಗಿರಬೇಕು, ದಪ್ಪ 25 ಮೈಕ್ರಾನ್. ಮಣ್ಣನ್ನು ಚೆನ್ನಾಗಿ ನೆನೆಸಿ ಹೊದಿಸಿ ಅಂಚು ಮಣ್ಣಿನಲ್ಲಿ ಹೂತು ಏಪ್ರಿಲ್–ಮೇ ತಿಂಗಳಲ್ಲಿ 4–6 ವಾರ ಬಿಡಿ. ಕಪ್ಪು ಪೇಪರಿನಿಂದ, ಒಣಮಣ್ಣಿನಲ್ಲಿ ಇದು ಫಲಿಸದು. ಕೆಳಗೆ ಹೋದಂತೆ ಬಿಸಿ ಇಳಿಯುತ್ತದೆ, ಆದ್ದರಿಂದ ಪೂರ್ತಿ ಹೊಲಕ್ಕೆ ಇದನ್ನೊಂದನ್ನೇ ನಂಬಬೇಡಿ. ನಾರು ಕೊಳ್ಳುವಾಗ ಟ್ರೇಗೆ ನಾಲ್ಕೈದು ಸಸಿ ಎತ್ತಿ ಬೇರು ನೋಡಿಯೇ ದುಡ್ಡು ಕೊಡಿ.

ಕೊಟ್ಟಿಗೆ ಗೊಬ್ಬರಕ್ಕೆ ಜೈವಿಕ ನಿಯಂತ್ರಕ ಬೆರೆಸುವುದು ಖರ್ಚಿಗೆ ತಕ್ಕ ಫಲ ಕೊಡುವ ಕೆಲಸ. ಚೆನ್ನಾಗಿ ಕಳಿತ ಒಂದು ಟನ್ ಗೊಬ್ಬರಕ್ಕೆ ಪರ್ಪ್ಯುರಿಯೋಸಿಲಿಯಂ (ಪೆಸಿಲೋಮೈಸಿಸ್ ಎಂದೂ ಮಾರುತ್ತಾರೆ), ಪೊಕೋನಿಯಾ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರಗಳನ್ನು ತಲಾ 2 ಕೆಜಿ ಬೆರೆಸಿ, ನೆರಳಲ್ಲಿ ಗುಡ್ಡೆ ಹಾಕಿ, ಹಿಂಡಿದರೆ ಉಂಡೆಯಾಗಿ ನೀರು ತೊಟ್ಟಿಕ್ಕದಷ್ಟು ತೇವ ಕಾಯ್ದು, ಹುಲ್ಲು ಮುಚ್ಚಿ ಎರಡು ವಾರ ಬಿಡಿ. ವಾರಕ್ಕೊಮ್ಮೆ ತಿರುವಿ. ನಂತರ ಏರುಮಡಿಗೆ, ಬೇರು ಇಳಿಯುವ ಪಟ್ಟಿಗೆ ಮಾತ್ರ ಹಾಕಿ. ಹಸಿ ಗೊಬ್ಬರಕ್ಕೆ ಬೆರೆಸಿದರೆ ಅದರ ಕಾವಿಗೆ ಶಿಲೀಂಧ್ರ ಸಾಯುತ್ತದೆ. ಕಾರ್ಬೆಂಡಜಿಮ್, ತಾಮ್ರದಂಥ ಶಿಲೀಂಧ್ರನಾಶಕ ಬುಡಕ್ಕೆ ಸುರಿದ ಹತ್ತು ದಿನದೊಳಗೆ ಇವನ್ನು ಬಿಡಬೇಡಿ. ಪೊಟ್ಟಣದ ಅವಧಿ ಮುಗಿದಿದೆಯೇ ನೋಡಿ.

ಬೇವಿನ ಹಿಂಡಿ ಎಕರೆಗೆ 200 ಕೆಜಿ, ನಾಟಿಗೆ ಎರಡು ಮೂರು ವಾರ ಮೊದಲು. ಅದರಲ್ಲಿ ಸುಮಾರು 5% ಸಾರಜನಕವಿದೆ, ಅಂದರೆ 10 ಕೆಜಿ. ಆ ಲೆಕ್ಕ ಯೂರಿಯಾದಲ್ಲಿ ಕಳೆಯಿರಿ. ಕೋಳಿಗೊಬ್ಬರವೂ ಹುಳು ತಗ್ಗಿಸುತ್ತದೆ, ಆದರೆ ಹಸಿಯಾಗಿ ಹಾಕಿ ಮರುವಾರ ನಾಟಿ ಮಾಡಿದರೆ ಸಸಿ ಸುಡುತ್ತದೆ. ರಾಜ್ಯ ಸರ್ಕಾರದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಈ ಭಾಗದ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತ್ತು. ನಿಮ್ಮ ವರದಿಯಲ್ಲೂ ಹಾಗಿದ್ದರೆ ಎಕರೆಗೆ 10 ಕೆಜಿ ಸತುವಿನ ಸಲ್ಫೇಟ್, 2 ಕೆಜಿ ಬೋರಾಕ್ಸ್ ತಳಗೊಬ್ಬರದಲ್ಲಿ ಕೊಡಿ. ಬೋರಾಕ್ಸ್ ಅಳತೆ ಮೀರಿದರೆ ಅದೇ ವಿಷ.

ತಳಿಯ ಬಗ್ಗೆ: ಅರ್ಕಾ ರಕ್ಷಕ್ ಎಲೆಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರನ್ನು ತಡೆಯುತ್ತದೆ, ಜಂತುಹುಳು ಆ ಪಟ್ಟಿಯಲ್ಲಿಲ್ಲ. ಬೀಜದ ಪೊಟ್ಟಣದ ಮೇಲೆ ಎಂಎ, ಎಂಐ, ಎಂಜೆ ಎಂಬ ಅಕ್ಷರಗಳಿದ್ದರೆ ಬೇರುಗಂಟು ತಡೆಯುವ ಗುಣವಿದೆ ಎಂದರ್ಥ. ಆ ಗುಣ ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಸಡಿಲವಾಗುತ್ತದೆ, ಬೇಸಿಗೆ ನಾಟಿಗೆ ಅದನ್ನೇ ನಂಬಿ ಕೂರುವಂತಿಲ್ಲ. ಸುಂಡೆಕಾಯಿ ಗಿಡದ ಬುಡಕ್ಕೆ ಕಸಿ ಮಾಡಿದ ಸಸಿ ಬೇರುಗಂಟು, ಸೊರಗು ಎರಡನ್ನೂ ತಡೆಯುತ್ತದೆ, ದುಬಾರಿ ಎಂಬುದಷ್ಟೇ ಅಡ್ಡಿ.

ರಾಸಾಯನಿಕ ಬಳಸುವುದಾದರೆ ನಾಟಿಯ ಆಸುಪಾಸಿನಲ್ಲಿ ಬಳಸಿದರೆ ಮಾತ್ರ ಉಪಯೋಗ, ಗಂಟು ಕಟ್ಟಿದ ಮೇಲೆ ಯಾವ ಔಷಧಿಯೂ ಗಂಟು ಕರಗಿಸದು. ಫೋರೇಟ್ 2020ರ ಕೊನೆಯಿಂದ ನಿಷೇಧವಾಗಿದೆ, ಹಳೆಯ ದಾಸ್ತಾನು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಫ್ಲೂಯೋಪೈರಮ್, ಫ್ಲೂಯೆನ್ಸಲ್ಫೋನ್‌ನಂಥ ಹೊಸ ಔಷಧಿ ಕೊಳ್ಳುವಾಗ ಲೇಬಲ್ ಮೇಲೆ ಟೊಮೇಟೊ ಹೆಸರಿದೆಯೇ ನೋಡಿ, ಅಲ್ಲಿ ಬರೆದ ಪ್ರಮಾಣ, ಕೊಯ್ಲಿಗೆ ಮೊದಲು ಕಾಯಬೇಕಾದ ದಿನ ಎರಡನ್ನೂ ಮೀರಬೇಡಿ. ತೇಪೆಗಳ ನಕ್ಷೆ ನಿಮ್ಮ ಬಳಿ ಇದ್ದರೆ ಎಕರೆ ಪೂರ್ತಿ ಬಿಡುವ ಬದಲು ಆ ಸಾಲುಗಳ ವಾಲ್ವ್ ಮಾತ್ರ ತೆರೆದು ಬಿಟ್ಟರೂ ಸಾಕು.